ಎರಡು ಲೈನ್ ಇದ್ದರೂ ಸ್ಪೀಡ್ ಯಾಕೆ ಕೂಡುವುದಿಲ್ಲ: ಲೋಡ್ ಷೇರಿಂಗ್ ಮತ್ತು ಲೋಡ್ ಬ್ಯಾಲೆನ್ಸಿಂಗ್

ಎರಡು ಇಂಟರ್ನೆಟ್ ಲೈನ್ ಹಾಕಿಸಿದವರು ಕೇಳುವ ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ. 100 ಎಂಬಿಪಿಎಸ್ ಮತ್ತು 100 ಎಂಬಿಪಿಎಸ್ ಸೇರಿದರೆ 200 ಆಗಬೇಕಲ್ವಾ? ಮುಂಬಯಿಯ ಮುಲುಂಡ್‌ನಲ್ಲಿ ಹೋಟೆಲ್ ನಡೆಸುವ ಕುಂದಾಪುರದ ಕಡೆಯ ಹಿರಿಯರೊಬ್ಬರು ಇದನ್ನೇ ಸ್ವಲ್ಪ ಸಿಟ್ಟಿನಲ್ಲಿ ಕೇಳಿದರು. "ಎರಡು ಕಂಪನಿಗೂ ತಿಂಗಳು ತಿಂಗಳು ದುಡ್ಡು ಕಟ್ಟುವುದು ನಾನು. ರೂಟರ್ ಡಬ್ಬದ ಮೇಲೆ ಲೋಡ್ ಬ್ಯಾಲೆನ್ಸಿಂಗ್ ಅಂತ ದೊಡ್ಡದಾಗಿ ಬರೆದಿದ್ದಾರೆ. ಮತ್ತೆ ಒಂದು ಫೈಲ್ ಇಳಿಸುವಾಗ 100ರ ಮೇಲೆ ಹೋಗುವುದೇ ಇಲ್ಲ, ಯಾಕೆ ಮಾರಾಯಾ?"

ಪ್ರಶ್ನೆ ಸರಿಯಾಗಿದೆ. ಡಬ್ಬದ ಮೇಲೆ ಬರೆದದ್ದೇ ಅಷ್ಟು ಸರಿ ಇಲ್ಲ. ಆ ರೂಟರ್ ಮಾಡುತ್ತಿರುವುದು ಹೆಚ್ಚಾಗಿ ಲೋಡ್ ಷೇರಿಂಗ್. ಮಾರುವವರು ಎರಡನ್ನೂ ಒಂದೇ ಎನ್ನುವ ಹಾಗೆ ಮಾತಾಡುತ್ತಾರೆ, ಕೈಪಿಡಿ ಬರೆಯುವವರೂ ಅಷ್ಟೇ. ಆದರೆ ಒಳಗೆ ನಡೆಯುವ ಕೆಲಸ ಬೇರೆ ಬೇರೆ, ಕೈಕೊಡುವ ರೀತಿಯೂ ಬೇರೆ ಬೇರೆ.

ಲೋಡ್ ಷೇರಿಂಗ್‌ನಲ್ಲಿ ಮೊದಲೇ ಬರೆದಿಟ್ಟ ಒಂದು ನಿಯಮದ ಪ್ರಕಾರ ಕೆಲಸ ಹಂಚಿಹೋಗುತ್ತದೆ. ಹಂಚುವ ಹೊತ್ತಿನಲ್ಲಿ ಯಾವ ದಾರಿಯ ಮೇಲೆ ಎಷ್ಟು ಭಾರ ಇದೆ ಅಂತ ಯಾರೂ ನೋಡುವುದಿಲ್ಲ. ಲೋಡ್ ಬ್ಯಾಲೆನ್ಸಿಂಗ್‌ನಲ್ಲಿ ನೋಡುತ್ತಾರೆ. ಈಗ ಯಾರ ಮೇಲೆ ಎಷ್ಟು ಭಾರ ಇದೆ ಎಂದು ಅಳೆದು, ಮುಂದಿನ ಕೆಲಸ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುತ್ತಾರೆ.

ಆ ಹಿರಿಯರಿಗೆ ಅವರ ಹೋಟೆಲನ್ನೇ ತೋರಿಸಿ ಹೇಳಿದೆ. 1ರಿಂದ 6ನೇ ಟೇಬಲ್ ಒಬ್ಬ ಸಪ್ಲೈಯರ್‌ಗೆ, 7ರಿಂದ 12 ಇನ್ನೊಬ್ಬನಿಗೆ ಅಂತ ಬೆಳಿಗ್ಗೆಯೇ ಹೇಳಿಬಿಟ್ಟರೆ ಅದು ಷೇರಿಂಗ್. 3ನೇ ಟೇಬಲಿಗೆ ದೊಡ್ಡ ಬಳಗವೇ ಬಂದು ಕೂತರೂ ಅದು ಆ ಹುಡುಗನ ಪಾಡು, ಪಕ್ಕದವನು ಗೋಡೆಗೆ ಒರಗಿ ನಿಂತಿದ್ದರೂ ಅಷ್ಟೇ. ಗಲ್ಲಾದಲ್ಲಿ ಕೂತವರು ಯಾರ ಕೈ ಖಾಲಿ ಇದೆ ಅಂತ ನೋಡಿ ನೋಡಿ ಗಿರಾಕಿಗಳನ್ನು ಕೂರಿಸಿದರೆ ಅದು ಬ್ಯಾಲೆನ್ಸಿಂಗ್. ಆದರೆ ಅವರು ನೋಡುತ್ತಲೇ ಇರಬೇಕು, ಆ ನೋಡುವ ಕೆಲಸಕ್ಕೂ ಖರ್ಚಿದೆ. ಹೋಲಿಕೆ ಇಲ್ಲಿಗೆ ಸಾಕು, ಇನ್ನು ತಂತಿಗೆ ಬರೋಣ.

ರೂಟರ್ ಒಳಗೆ ದಾರಿಗಳ ಒಂದು ಪಟ್ಟಿ ಇರುತ್ತದೆ, ರೂಟಿಂಗ್ ಟೇಬಲ್. ಒಂದೇ ಊರಿಗೆ ಸಮಾನ ವೆಚ್ಚದ ಎರಡು ದಾರಿ ಇದ್ದರೆ ಎರಡನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದು. ಇಲ್ಲಿ ವೆಚ್ಚ ಅಂದರೆ ದುಡ್ಡಲ್ಲ, ದಾರಿ ಎಷ್ಟು ಒಳ್ಳೆಯದು ಅಂತ ಹೇಳಲು ರೂಟರ್ ಇಡುವ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೆಯದು. ಈಗ ಪ್ಯಾಕೆಟ್ ಬಂತು, ಅಂದರೆ ಸಾಗುತ್ತಿರುವ ಮಾಹಿತಿಯ ಒಂದು ಸಣ್ಣ ತುಂಡು, ಅದನ್ನು ಯಾವ ದಾರಿಗೆ ಹಾಕಬೇಕು? ರೂಟರ್ ಆ ಪ್ಯಾಕೆಟ್‌ನಿಂದ ಐದು ಸಂಗತಿ ತೆಗೆದುಕೊಳ್ಳುತ್ತದೆ: ಎಲ್ಲಿಂದ ಬಂತು ಎನ್ನುವ ಐಪಿ ವಿಳಾಸ, ಎಲ್ಲಿಗೆ ಹೋಗುತ್ತಿದೆ ಎನ್ನುವ ಐಪಿ ವಿಳಾಸ, ಎರಡೂ ತುದಿಯ ಪೋರ್ಟ್ ಸಂಖ್ಯೆ (ಒಂದೇ ಯಂತ್ರದ ಬೇರೆ ಬೇರೆ ಸಂಪರ್ಕಗಳನ್ನು ಗುರುತಿಸುವ ಅಂಕಿ), ಮತ್ತೆ ಸಾಗಿಸುವ ವಿಧಾನ ಟಿಸಿಪಿಯೋ ಯುಡಿಪಿಯೋ ಅನ್ನುವುದು. ಈ ಐದನ್ನೂ ಒಂದು ಲೆಕ್ಕಕ್ಕೆ ಹಾಕಿದರೆ ಒಂದು ಸಂಖ್ಯೆ ಬರುತ್ತದೆ. ಇದಕ್ಕೆ ಹ್ಯಾಶ್ ಅನ್ನುತ್ತಾರೆ. ಸುಮ್ನೆ ಉದಾಹರಣೆಗೆ, ಆ ಸಂಖ್ಯೆ ಸಮ ಆದರೆ ಮೊದಲ ಲೈನು, ಬೆಸ ಆದರೆ ಎರಡನೇ ಲೈನು. ಮುಗಿಯಿತು. ಮೊದಲ ಲೈನ್ ತುಂಬಿ ತುಳುಕುತ್ತಿದೆಯೇ, ಎರಡನೆಯದು ಖಾಲಿ ಬಿದ್ದಿದೆಯೇ ಎನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಒಂದು ಡೌನ್‌ಲೋಡ್ ಶುರುವಾಗಿ ಮುಗಿಯುವ ತನಕ ಈ ಐದು ಸಂಗತಿ ಬದಲಾಗುವುದಿಲ್ಲ. ಹಾಗಾಗಿ ಹ್ಯಾಶ್ ಕೂಡ ಬದಲಾಗುವುದಿಲ್ಲ. ಆ ಸಂಪರ್ಕದ ಎಲ್ಲ ಪ್ಯಾಕೆಟ್‌ಗಳೂ ಒಂದೇ ಲೈನಿನಲ್ಲಿ ಹೋಗುತ್ತವೆ. ಇಂಥ ಒಂದು ಸಂಪರ್ಕಕ್ಕೆ ನೆಟ್‌ವರ್ಕ್ ಕೆಲಸದವರು ಫ್ಲೋ ಅನ್ನುತ್ತಾರೆ. ಒಂದು ಫ್ಲೋಗೆ ಒಂದೇ ಲೈನು. ಹಿರಿಯರ ಫೈಲ್ 100ರ ಮೇಲೆ ಹೋಗದೇ ಇದ್ದದ್ದು ಇದಕ್ಕೇ.

ಸರಿ, ಒಂದು ಪ್ಯಾಕೆಟ್ ಈ ಕಡೆ, ಮುಂದಿನದು ಆ ಕಡೆ ಅಂತ ಹಾಕಬಹುದಲ್ಲ? ಹಾಕಬಹುದು, ಹಿಂದೆ ಹಾಗೆ ಮಾಡುತ್ತಿದ್ದದ್ದೂ ಉಂಟು. ಎರಡು ದಾರಿಯ ಉದ್ದ ಕೂದಲೆಳೆಯಷ್ಟು ಬೇರೆ ಇದ್ದರೂ ಪ್ಯಾಕೆಟ್‌ಗಳು ಹಿಂದುಮುಂದಾಗಿ ಬಂದು ತಲುಪುತ್ತವೆ. 5ನೆಯದು ಬರುವ ಮೊದಲೇ 6, 7, 8 ಬಂದುಬಿಡುತ್ತವೆ. ಆಗ ಆ ತುದಿಯ ಟಿಸಿಪಿ "ನನಗೆ 5 ಬಂದಿಲ್ಲ, 5 ಬಂದಿಲ್ಲ" ಅಂತ ಮತ್ತೆ ಮತ್ತೆ ಹೇಳುತ್ತದೆ. ಇಂಥ ಒಂದೇ ರೀತಿಯ ಉತ್ತರ ಹೆಚ್ಚುವರಿಯಾಗಿ 3 ಸಲ ಬಂದರೆ ಕಳಿಸುವವನು ಪ್ಯಾಕೆಟ್ ಕಳೆದೇ ಹೋಯಿತು ಅಂದುಕೊಂಡು ಮತ್ತೆ ಕಳಿಸುತ್ತಾನೆ, ದಾರಿಯಲ್ಲಿ ದಟ್ಟಣೆ ಇರಬೇಕು ಅಂತ ತನ್ನ ವೇಗವನ್ನೂ ಇಳಿಸುತ್ತಾನೆ. ನಿಜವಾಗಿ ಏನೂ ಕಳೆದಿರುವುದಿಲ್ಲ. ಎರಡು ಲೈನ್ ಇದ್ದೂ ಒಂದು ಲೈನಿನಷ್ಟು ವೇಗವೂ ಸಿಗದ ಸ್ಥಿತಿ ಬರಬಹುದು. 2000ದ ನವೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 2991 ಮತ್ತು 2992 ಎನ್ನುವ ಇಂಟರ್ನೆಟ್ ತಂತ್ರಜ್ಞಾನದ ದಾಖಲೆಗಳು ಈ ತೊಂದರೆಯನ್ನೂ ಹ್ಯಾಶ್ ವಿಧಾನವನ್ನೂ ಚೆನ್ನಾಗಿ ಬಿಡಿಸಿ ಹೇಳುತ್ತವೆ.

ಹೋಟೆಲಿನಂಥ ಜಾಗದಲ್ಲಿ ಇನ್ನೂ ಗಟ್ಟಿ ಕಾರಣ ಇದೆ. ಅಲ್ಲಿ ಎರಡು ಲೈನ್ ಎರಡು ಕಂಪನಿಯದು, ಒಂದೊಂದಕ್ಕೂ ಅದರದ್ದೇ ಹೊರಗಿನ ಐಪಿ ವಿಳಾಸ. ಅರ್ಧ ಪ್ಯಾಕೆಟ್ ಒಂದು ವಿಳಾಸದಿಂದ, ಉಳಿದರ್ಧ ಇನ್ನೊಂದರಿಂದ ಹೋದರೆ ಆಚೆಯ ಸರ್ವರ್‌ಗೆ ಇವು ಒಂದೇ ಸಂಪರ್ಕದವು ಅಂತ ಗೊತ್ತಾಗುವ ದಾರಿಯೇ ಇಲ್ಲ. ಎರಡನೇ ಅರ್ಧವನ್ನು ಅದು ಬಿಸಾಕುತ್ತದೆ. ಹಾಗಾಗಿ ಮನೆ, ಅಂಗಡಿ, ಸಣ್ಣ ಆಫೀಸಿನ ಎರಡು ಲೈನಿನ ರೂಟರ್ ಒಂದು ಫ್ಲೋವನ್ನು ಸೀಳಲು ಹೋಗುವುದೇ ಇಲ್ಲ. ಸೀಳಲೇಬೇಕು ಅಂದರೆ ಆಚೆ ತುದಿಯಲ್ಲೂ ನಿಮ್ಮದೇ ಒಂದು ಯಂತ್ರ ಕೂತು ಎರಡೂ ಕಡೆಯಿಂದ ಬಂದದ್ದನ್ನು ಜೋಡಿಸಬೇಕು. ಅದಕ್ಕೆ ಬಾಂಡಿಂಗ್ ಅನ್ನುತ್ತಾರೆ, ಅದು ಬೇರೆ ಸರಕು, ಬೇರೆ ಬೆಲೆ.

ಇದು ಗೊತ್ತಾದ ಮೇಲೆ ಹಲವು ವಿಚಿತ್ರಗಳಿಗೆ ಉತ್ತರ ಸಿಗುತ್ತದೆ. ಸ್ಪೀಡ್ ಟೆಸ್ಟ್ ಕೆಲವೊಮ್ಮೆ 190 ತೋರಿಸುತ್ತದೆ, ಆದರೆ ಫೈಲ್ ಮಾತ್ರ 95ರಲ್ಲಿ ಇಳಿಯುತ್ತದೆ. ಸ್ಪೀಡ್ ಟೆಸ್ಟ್ ಒಟ್ಟಿಗೆ ಹಲವು ಸಂಪರ್ಕ ತೆರೆಯುವುದರಿಂದ ಅವು ಎರಡೂ ಲೈನಿಗೆ ಚದುರುತ್ತವೆ, ಫೈಲಿಗೆ ಒಂದೇ ಸಂಪರ್ಕ. ಇನ್ನು ಕೆಲವು ರೂಟರ್‌ಗಳು ಪೋರ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಎರಡು ಐಪಿ ವಿಳಾಸ ಮಾತ್ರ ನೋಡುತ್ತವೆ. ಅಲ್ಲಿ ಸ್ಪೀಡ್ ಟೆಸ್ಟ್ ಕೂಡ 95ಕ್ಕೇ ನಿಲ್ಲುತ್ತದೆ.

ಬ್ಯಾಂಕಿನ ಸೈಟ್ ನಡುವೆಯೇ ಲಾಗೌಟ್ ಆಗುವುದೂ ಇದರ ಸಂಬಂಧಿಯೇ. ಒಂದು ಪುಟ ತೆರೆಯಲು ಬ್ರೌಸರ್ ಹಲವು ಸಂಪರ್ಕ ಮಾಡುತ್ತದೆ, ಪ್ರತಿಯೊಂದಕ್ಕೂ ಬೇರೆ ಪೋರ್ಟ್. ಹ್ಯಾಶ್ ಬೇರೆ ಬಂದು ಒಂದು ಸಂಪರ್ಕ ಎರಡನೇ ಲೈನಿಗೆ ಬಿದ್ದರೆ, ಬ್ಯಾಂಕಿಗೆ ಒಂದೇ ಗ್ರಾಹಕ ಒಂದೇ ನಿಮಿಷದಲ್ಲಿ ಎರಡು ವಿಳಾಸದಿಂದ ಬಂದ ಹಾಗೆ ಕಾಣುತ್ತದೆ. ಅನುಮಾನ ಬಂದು ಹೊರಗೆ ಹಾಕುತ್ತದೆ. ಅದರ ತಪ್ಪೇನೂ ಇಲ್ಲ ಬಿಡಿ. ಒಬ್ಬ ಬಳಕೆದಾರನ ಎಲ್ಲ ಸಂಪರ್ಕವನ್ನೂ ಒಂದೇ ಲೈನಿಗೆ ಕಟ್ಟಿಹಾಕುವ ಆಯ್ಕೆ ಹೆಚ್ಚಿನ ರೂಟರ್‌ಗಳಲ್ಲಿ ಇದೆ, ಅದನ್ನು ಹಾಕಿಕೊಂಡರೆ ಈ ಕಾಟ ತಪ್ಪುತ್ತದೆ. ಹಂಚಿಕೆ ಮಾತ್ರ ಇನ್ನೂ ಒರಟಾಗುತ್ತದೆ.

ಹಂಚಿಕೆ ಒರಟು ಅಂದರೆ ಏನು? ಹ್ಯಾಶ್ ಸಮವಾಗಿ ಹಂಚುವುದು ಫ್ಲೋಗಳ ಸಂಖ್ಯೆಯನ್ನು, ಅವುಗಳ ತೂಕವನ್ನಲ್ಲ. ಊಟದ ಹೊತ್ತಿನಲ್ಲಿ ಗಿರಾಕಿಗಳ ಮೊಬೈಲ್‌ಗಳಿಂದ ನೂರಾರು ಸಣ್ಣ ಫ್ಲೋ ಹೊರಡುತ್ತವೆ, ಅವು ಹೆಚ್ಚುಕಡಿಮೆ ಅರ್ಧರ್ಧ ಆಗುತ್ತವೆ, ತೊಂದರೆ ಇಲ್ಲ. ಆದರೆ ಸಿಸಿಟಿವಿ ರೆಕಾರ್ಡರ್ ದಿನವಿಡೀ ಕ್ಲೌಡಿಗೆ ವಿಡಿಯೋ ಕಳಿಸುತ್ತಾ ಇರುತ್ತದಲ್ಲ, ಅದು ಒಂದೇ ಫ್ಲೋ, ಆದರೆ ಭಾರೀ ಫ್ಲೋ. ಇಂಥದಕ್ಕೆ ಎಲಿಫೆಂಟ್ ಫ್ಲೋ ಅಂತಲೇ ಹೆಸರಿದೆ. ಅದು ಬಿದ್ದ ಲೈನಿಗೇ ಬಿಲ್ಲಿಂಗ್ ಮೆಷೀನ್ ಮತ್ತು ಯುಪಿಐ ಸೌಂಡ್‌ಬಾಕ್ಸ್‌ನ ಪುಟ್ಟ ಫ್ಲೋಗಳೂ ಬಿದ್ದರೆ ದುಡ್ಡು ಬಂತು ಎನ್ನುವ ದನಿ ತಡವಾಗುತ್ತದೆ, ಗಿರಾಕಿ ಗಲ್ಲಾದ ಮುಂದೆ ಫೋನ್ ಹಿಡಿದು ನಿಂತೇ ಇರುತ್ತಾನೆ. ಪಕ್ಕದ ಲೈನ್ ಆಗ ಅರ್ಧ ಖಾಲಿ ಇರುತ್ತದೆ. ರೂಟರ್‌ಗೆ ಇದರ ಪರಿವೆಯೇ ಇಲ್ಲ.

ದೊಡ್ಡ ಜಾಗಗಳಲ್ಲೂ ಕತೆ ಬೇರೆ ಅಲ್ಲ. ಒಂದು ಜಾಗದ ಯಂತ್ರಗಳನ್ನು ಜೋಡಿಸುವ ಎರಡು ನೆಟ್‌ವರ್ಕ್ ಸ್ವಿಚ್‌ಗಳ ನಡುವೆ 1 ಜಿಬಿಪಿಎಸ್‌ನ ಎರಡು ಕೇಬಲ್ ಹಾಕಿ ಒಂದೇ ಲಿಂಕ್ ಥರ ಕಟ್ಟುವ ವಿಧಾನಕ್ಕೆ 2000ದಲ್ಲೇ 802.3ಎಡಿ ಎನ್ನುವ ಮಾನದಂಡ ಬಂತು, 2008ರಲ್ಲಿ ಅದನ್ನು 802.1ಎಎಕ್ಸ್‌ಗೆ ವರ್ಗಾಯಿಸಿದರು. ಅಲ್ಲೂ ಹ್ಯಾಶ್. ಕೆಲವು ಸ್ವಿಚ್‌ಗಳು ಮ್ಯಾಕ್ ವಿಳಾಸವನ್ನಷ್ಟೇ, ಅಂದರೆ ಯಂತ್ರದ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆಯನ್ನಷ್ಟೇ ನೋಡಿ ಹ್ಯಾಶ್ ಮಾಡುತ್ತವೆ. ಒಂದೇ ಸರ್ವರ್ ಒಂದೇ ಗೇಟ್‌ವೇ (ಹೊರಗೆ ಹೋಗುವ ಬಾಗಿಲಿನಂಥ ರೂಟರ್) ಮೂಲಕ ಇಡೀ ಲೋಕದ ಜೊತೆ ಮಾತಾಡುತ್ತಿದ್ದರೆ ಎರಡೂ ಮ್ಯಾಕ್ ವಿಳಾಸ ಯಾವಾಗಲೂ ಅವೇ, ಹ್ಯಾಶ್ ಕೂಡ ಅದೇ. ಎರಡು ಕೇಬಲ್ ಇದ್ದೂ ಒಂದರಲ್ಲೇ ಎಲ್ಲ ಓಡುತ್ತದೆ, ಇನ್ನೊಂದರ ದೀಪ ಸುಮ್ನೆ ಮಿನುಗುತ್ತಿರುತ್ತದೆ. ಸಾಲಾಗಿ ನಿಂತ ರೂಟರ್‌ಗಳೆಲ್ಲ ಒಂದೇ ಹ್ಯಾಶ್ ಸೂತ್ರ ಬಳಸಿದರೆ ಇನ್ನೊಂದು ತಮಾಷೆ. ಮೊದಲ ರೂಟರ್ ಎಡಕ್ಕೆ ಕಳಿಸಿದ್ದೆಲ್ಲ ಎರಡನೇ ರೂಟರಲ್ಲೂ ಎಡಕ್ಕೇ ಹೋಗುತ್ತದೆ, ಅಲ್ಲಿಯ ಬಲದ ಲಿಂಕಿಗೆ ಕೆಲಸವೇ ಬರುವುದಿಲ್ಲ. ಅದಕ್ಕೇ ಪ್ರತಿ ರೂಟರ್ ತನ್ನದೇ ಒಂದು ಬೇರೆ ಸಂಖ್ಯೆಯನ್ನು ಲೆಕ್ಕದೊಳಗೆ ಬೆರೆಸುವ ರೂಢಿ ಬಂತು.

ಹೆಸರಿನ ಗೊಂದಲಕ್ಕೆ ಒಂದೇ ಉದಾಹರಣೆ ಸಾಕು. ಜೂನಿಪರ್ ಕಂಪನಿಯ ರೂಟರ್‌ಗಳಲ್ಲಿ ದಾರಿ ಹಂಚಲು ಬರೆಯುವ ಆಜ್ಞೆಯಲ್ಲಿ "ಲೋಡ್ ಬ್ಯಾಲೆನ್ಸ್ ಪರ್ ಪ್ಯಾಕೆಟ್" ಎಂದಿರುತ್ತದೆ. ಅದು ಬ್ಯಾಲೆನ್ಸ್ ಮಾಡುವುದಿಲ್ಲ, ಹ್ಯಾಶ್ ಮೇಲೆ ಹಂಚುತ್ತದೆ. ಪ್ಯಾಕೆಟ್ ಲೆಕ್ಕದಲ್ಲೂ ಹಂಚುವುದಿಲ್ಲ, ಫ್ಲೋ ಲೆಕ್ಕದಲ್ಲಿ ಹಂಚುತ್ತದೆ. ಹಳೆಯ ಕಾಲದ ಹೆಸರು ಹಾಗೇ ಉಳಿದುಬಿಟ್ಟಿದೆ. ಹೊಸ ಹುಡುಗರು ಇದನ್ನು ಓದಿ ಗಾಬರಿಯಾಗುವುದು ಸಹಜವೇ.

ಲೈನ್‌ಗಳು ಸಮ ಇಲ್ಲದಿದ್ದರೆ? ಒಂದು 300, ಒಂದು 100 ಇದ್ದರೆ ರೂಟರ್‌ನಲ್ಲಿ 3:1 ಅಂತ ತೂಕ ಕೊಡಬಹುದು. ರೂಟರ್‌ಗಳು ದಾರಿ ಹುಡುಕಲು ಬಳಸುವ ವಿಧಾನಗಳಲ್ಲಿ ಸಿಸ್ಕೊ ಕಂಪನಿಯ ಇಐಜಿಆರ್‌ಪಿ ಒಂದು, ಅದರಲ್ಲಿ ಅಸಮ ವೆಚ್ಚದ ದಾರಿಗಳನ್ನೂ ಬಳಸುವ ವೇರಿಯನ್ಸ್ ಎನ್ನುವ ಸೌಲಭ್ಯ ಇದೆ, ಓಎಸ್‌ಪಿಎಫ್ ಎನ್ನುವ ಇನ್ನೊಂದು ವಿಧಾನದಲ್ಲಿ ವೆಚ್ಚ ಸಮ ಇರಲೇಬೇಕು. ತೂಕ ಕೊಟ್ಟರೂ ಇದು ಷೇರಿಂಗೇ. ಆ 3:1 ಎನ್ನುವುದು ನೀವು ಬರೆದಿಟ್ಟ ಅಂಕಿ, ಲೈನ್ ಅಳೆದು ಬಂದದ್ದಲ್ಲ. ಸಂಜೆ ಆ 300ರ ಲೈನ್ ಸುಸ್ತಾಗಿ 40ಕ್ಕೆ ಇಳಿದರೂ ರೂಟರ್ ಮುಕ್ಕಾಲು ಪಾಲು ಫ್ಲೋಗಳನ್ನು ಅಲ್ಲಿಗೇ ತಳ್ಳುತ್ತದೆ. ಬರೆದಿಟ್ಟ ಅಂಕಿ ತಪ್ಪಿದ್ದರಂತೂ ಮುಗಿದೇ ಹೋಯಿತು. ಸಿಸ್ಕೊ ರೂಟರ್‌ಗಳ ಐಓಎಸ್ ಎನ್ನುವ ತಂತ್ರಾಂಶದಲ್ಲಿ ಓಎಸ್‌ಪಿಎಫ್ ವೆಚ್ಚವನ್ನು 100 ಎಂಬಿಪಿಎಸ್ ಆಧಾರದ ಮೇಲೆ ಲೆಕ್ಕ ಹಾಕುವುದು ರೂಢಿ. 100ರ ಲಿಂಕಿಗೆ ವೆಚ್ಚ 1. 1 ಜಿಬಿಪಿಎಸ್ ಲಿಂಕಿಗೆ 0.1 ಬರಬೇಕು, ಆದರೆ 1ಕ್ಕಿಂತ ಕಡಿಮೆ ಇಡುವ ಹಾಗಿಲ್ಲ, ಅದಕ್ಕೂ 1. ಆಧಾರದ ಅಂಕಿಯನ್ನು ಯಾರೂ ಬದಲಿಸದಿದ್ದರೆ ಹತ್ತು ಪಟ್ಟು ದೊಡ್ಡ ಲಿಂಕಿಗೂ ಚಿಕ್ಕ ಲಿಂಕಿಗೂ ಅರ್ಧರ್ಧ ಫ್ಲೋ ಹೋಗುತ್ತದೆ.

ಇಷ್ಟೆಲ್ಲ ಓದಿದವರಿಗೆ ಒಂದು ಅನುಮಾನ ಬಂದಿರಬೇಕು. ಇಷ್ಟು ಬುದ್ಧಿವಂತ ರೂಟರ್ ಕಣ್ಣು ಬಿಟ್ಟು ನೋಡಿದರೆ ಏನು ಕಷ್ಟ? ಯಾವ ಲೈನ್ ಖಾಲಿ ಇದೆಯೋ ಅಲ್ಲಿಗೆ ಕಳಿಸಬಹುದಲ್ಲ?

ಅದನ್ನು ಮಾಡಿ ನೋಡಿದ್ದಾರೆ, ದೊಡ್ಡ ಮಟ್ಟದಲ್ಲೇ. ಇಂದಿನ ಇಂಟರ್ನೆಟ್‌ಗೆ ಮೂಲವಾದ ಅರ್ಪಾನೆಟ್‌ನಲ್ಲಿ 1979ರಲ್ಲಿ ಹೊಸ ರೂಟಿಂಗ್ ವಿಧಾನ ತಂದರು. ಪ್ರತಿ ಲಿಂಕಿನಲ್ಲಿ ಪ್ಯಾಕೆಟ್ ಎಷ್ಟು ತಡವಾಗುತ್ತಿದೆ ಎಂದು ಅಳೆಯುವುದು, 10 ಸೆಕೆಂಡಿನ ಸರಾಸರಿ ತೆಗೆಯುವುದು, ಆ ಸುದ್ದಿಯನ್ನು ಎಲ್ಲರಿಗೂ ಹಂಚುವುದು, ಎಲ್ಲರೂ ಅದನ್ನು ನೋಡಿ ಕಡಿಮೆ ತಡದ ದಾರಿ ಹಿಡಿಯುವುದು. ಕೇಳಲು ಎಷ್ಟು ಚೆನ್ನಾಗಿದೆ! ಭಾರ ಕಡಿಮೆ ಇದ್ದಾಗ ಚೆನ್ನಾಗಿಯೇ ನಡೆಯಿತು. ಭಾರ ಜಾಸ್ತಿಯಾದಾಗ ಎಡವಟ್ಟಾಯಿತು. ನೆಟ್‌ವರ್ಕಿನ ಎರಡು ಭಾಗಗಳನ್ನು ಎ ಮತ್ತು ಬಿ ಎನ್ನುವ ಎರಡೇ ಲಿಂಕ್ ಜೋಡಿಸಿವೆ ಅಂದುಕೊಳ್ಳಿ. ಎ ತುಂಬಿದೆ ಎಂಬ ಸುದ್ದಿ ಹೊರಡುತ್ತದೆ. ಸುದ್ದಿ ಕೇಳಿದ ಎಲ್ಲರೂ ಒಟ್ಟಿಗೆ ಬಿಗೆ ಹಾರುತ್ತಾರೆ. ಈಗ ಬಿ ತುಂಬಿತು, ಎ ಖಾಲಿ. ಮುಂದಿನ ಅಳತೆ ಹೊರಬಿದ್ದಾಗ ಎಲ್ಲರೂ ಮತ್ತೆ ಎಗೆ. ಎರಡು ಲಿಂಕ್ ಇದ್ದೂ ಒಂದು ಹೊತ್ತಿಗೆ ಒಂದೇ ಕೆಲಸಕ್ಕೆ ಬರುತ್ತಿತ್ತು, ಅದೂ ಉಸಿರುಗಟ್ಟುವಷ್ಟು ತುಂಬಿಕೊಂಡು. 1987ರಲ್ಲಿ ಲೆಕ್ಕ ಬದಲಿಸಿದರು. ಲಿಂಕ್ ಎಷ್ಟೇ ತುಂಬಿದರೂ ಅದರ ವೆಚ್ಚ ಒಂದು ಮಿತಿಯ ಮೇಲೆ ಏರಬಾರದು, ಒಂದೇ ಸಲಕ್ಕೆ ತುಂಬ ಬದಲಾಗಲೂಬಾರದು ಎಂದು ಕಟ್ಟು ಹಾಕಿದ ಮೇಲೆ ಈ ಓಲಾಟ ತಗ್ಗಿತು.

ಇಲ್ಲಿ ತಪ್ಪಿದ್ದು ಅಳತೆ ಅಲ್ಲ. ಅಳತೆ ತಲುಪುವ ಹೊತ್ತಿಗೆ ಅದು ಹಳೆಯದಾಗಿರುತ್ತದೆ, ಮತ್ತು ಎಲ್ಲರೂ ಒಂದೇ ಹಳೆಯ ಸುದ್ದಿ ನಂಬಿ ಒಂದೇ ಕೆಲಸ ಮಾಡುತ್ತಾರೆ. ನೋಡಿ ಹಂಚುವ ಯಾವುದೇ ವ್ಯವಸ್ಥೆಗೂ ಈ ಕಾಯಿಲೆ ತಗಲಬಹುದು. ಅದಕ್ಕೇ ಇಂದಿನ ಹೆಚ್ಚಿನ ರೂಟರ್‌ಗಳು ದಾರಿಯ ವೆಚ್ಚವನ್ನು ಲಿಂಕಿನ ಗಾತ್ರದಂಥ ಅಲುಗಾಡದ ಅಂಕಿಯಿಂದ ತೆಗೆಯುತ್ತವೆ, ಕ್ಷಣಕ್ಷಣದ ಭಾರವನ್ನು ಕೇಳುವುದಿಲ್ಲ. ನನ್ನ ಕೇಳಿದರೆ ಇದು ಸೋಮಾರಿತನವಲ್ಲ, ಪೆಟ್ಟು ತಿಂದು ಬಂದ ಬುದ್ಧಿ. ಸೆಕೆಂಡಿಗೆ ಕೋಟಿಗಟ್ಟಲೆ ಪ್ಯಾಕೆಟ್ ದಾಟಿಸುವ ಯಂತ್ರಕ್ಕೆ ಯೋಚಿಸುತ್ತಾ ನಿಲ್ಲಲು ಪುರುಸೊತ್ತೂ ಇಲ್ಲ.

ಹಾಗಾದರೆ ನಿಜವಾದ ಬ್ಯಾಲೆನ್ಸಿಂಗ್ ಎಲ್ಲಿ ನಡೆಯುತ್ತದೆ? ಹೆಚ್ಚಾಗಿ ಸರ್ವರ್‌ಗಳ ಮುಂದೆ. ನವಿ ಮುಂಬಯಿಯ ಠಾಣೆ ಬೇಲಾಪುರ ರಸ್ತೆಯಲ್ಲಿ ಐರೋಲಿ, ರಬಾಳೆ, ಮಹಾಪೆ ಕಡೆ ಹೋದವರಿಗೆ ಕಿಟಕಿ ಇಲ್ಲದ ದೊಡ್ಡ ದೊಡ್ಡ ಡೇಟಾ ಸೆಂಟರ್ ಕಟ್ಟಡಗಳು ಕಾಣುತ್ತವೆ. ನಮ್ಮವರು ಎಷ್ಟೋ ಜನ ಅಲ್ಲಿ ರಾತ್ರಿ ಪಾಳಿ ಮಾಡುತ್ತಾರೆ. ಇಂಥ ಕಟ್ಟಡಗಳಲ್ಲಿ ಒಂದು ಆಪ್‌ಗೆ ಒಂದೇ ಸರ್ವರ್ ಇರುವುದು ಅಪರೂಪ. ಹತ್ತೋ ನೂರೋ ಇರುತ್ತವೆ, ಮುಂದೆ ಒಂದು ಲೋಡ್ ಬ್ಯಾಲೆನ್ಸರ್. ಹೊರಗಿನವರಿಗೆ ಕಾಣುವುದು ಅದರ ವಿಳಾಸ ಮಾತ್ರ. ಬಂದ ಕೋರಿಕೆಯನ್ನು ಅದು ಒಳಗಿನ ಯಾವುದೋ ಸರ್ವರ್‌ಗೆ ದಾಟಿಸುತ್ತದೆ.

ಸರದಿ ಪ್ರಕಾರ ಒಂದು, ಎರಡು, ಮೂರು ಅಂತ ದಾಟಿಸುತ್ತಾ ಹೋದರೆ ಅದು ರೌಂಡ್ ರಾಬಿನ್. ಮಾರುವವರು ಇದನ್ನೂ ಬ್ಯಾಲೆನ್ಸಿಂಗ್ ಅನ್ನುತ್ತಾರೆ. ನಾನು ಷೇರಿಂಗ್ ಅನ್ನುತ್ತೇನೆ, ಯಾಕೆಂದರೆ ಇನ್ನೂ ಯಾರೂ ನೋಡಿಲ್ಲ. ಊರಿಗೆ ಹೋಗಲು ಮತ್ಸ್ಯಗಂಧ ರೈಲಿನ ತತ್ಕಾಲ್ ಟಿಕೆಟಿಗಾಗಿ ಎಸಿಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11 ಅಂತ ಗಡಿಯಾರ ನೋಡಿ ಕೂರುವವರಿಗೆ ಒಂದೇ ನಿಮಿಷದಲ್ಲಿ ನುಗ್ಗುವ ಭಾರ ಎಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಇಂಥ ನೂಕುನುಗ್ಗಲಿನಲ್ಲಿ ಒಂದು ಕೋರಿಕೆ ಬರೀ ರೈಲಿನ ವೇಳೆ ಕೇಳುತ್ತದೆ, ಇನ್ನೊಂದು ಸೀಟು ಹುಡುಕಿ, ಹಣ ಕಡಿದು, ಟಿಕೆಟ್ ಬರೆಯಬೇಕು. ಎಣಿಕೆಯಲ್ಲಿ ಎರಡೂ ಒಂದೊಂದೇ, ಕೆಲಸದಲ್ಲಿ ಅಜಗಜಾಂತರ. ಸರದಿ ಪ್ರಕಾರ ಹಂಚಿದರೆ ಭಾರದ ಕೋರಿಕೆಗಳೆಲ್ಲ ಒಂದೇ ಸರ್ವರ್ ಮೇಲೆ ಬೀಳುವ ದುರದೃಷ್ಟ ಯಾವತ್ತಾದರೂ ಬಂದೇ ಬರುತ್ತದೆ.

ಅದಕ್ಕೆ ಲೀಸ್ಟ್ ಕನೆಕ್ಷನ್ಸ್ ಎನ್ನುವ ವಿಧಾನ ಇದೆ. ಈಗ ಯಾವ ಸರ್ವರ್ ಕೈಯಲ್ಲಿ ಅತಿ ಕಡಿಮೆ ಕೆಲಸ ಬಾಕಿ ಇದೆಯೋ ಅದಕ್ಕೆ ಮುಂದಿನದು. ಎಲ್ಲ ಸಂಪರ್ಕವೂ ಬ್ಯಾಲೆನ್ಸರ್ ಮೂಲಕವೇ ಹೋಗುವುದರಿಂದ ಎಣಿಕೆ ಅದರ ಕೈಯಲ್ಲೇ ಇರುತ್ತದೆ, ದೂರದಿಂದ ಸುದ್ದಿ ಬರಬೇಕಿಲ್ಲ. ಅರ್ಪಾನೆಟ್‌ಗೆ ಇರದ ಅನುಕೂಲ ಇದು. 2001ರಲ್ಲಿ ಹೊರಬಂದ ಎಚ್‌ಎಪ್ರಾಕ್ಸಿ, 2004ರಲ್ಲಿ ಬಂದ ಎಂಜಿನ್‌ಎಕ್ಸ್, ಈ ಎರಡು ತಂತ್ರಾಂಶಗಳಲ್ಲೂ ಈ ವಿಧಾನ ಉಚಿತವಾಗಿಯೇ ಸಿಗುತ್ತದೆ.

ಇದರಲ್ಲೂ ಒಂದು ಗುಂಡಿ ಇದೆ, ನನಗೆ ತುಂಬ ಇಷ್ಟವಾದ ಗುಂಡಿ. ಒಂದು ಸರ್ವರ್ ಕೆಟ್ಟಿದೆ, ಅದಕ್ಕೆ ಡೇಟಾಬೇಸ್ ಸಿಗುತ್ತಿಲ್ಲ ಅಂದುಕೊಳ್ಳಿ. ಬಂದ ಪ್ರತಿ ಕೋರಿಕೆಗೂ ಅದು ತಕ್ಷಣ "ತಪ್ಪಾಗಿದೆ" ಅಂತ ಉತ್ತರ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ನಿಜವಾಗಿ ದುಡಿಯುತ್ತಿರುವ ಸರ್ವರ್‌ಗಳ ಕೈಯಲ್ಲಿ ಕೆಲಸ ಬಾಕಿ ಇರುತ್ತದೆ, ಇದರ ಕೈಯಲ್ಲಿ ಏನೂ ಬಾಕಿ ಇಲ್ಲ. ಬ್ಯಾಲೆನ್ಸರ್ ಕಣ್ಣಿಗೆ ಇದೇ ಅತ್ಯಂತ ಚುರುಕಿನ ಸರ್ವರ್! ಬಂದವರನ್ನೆಲ್ಲ ಅಲ್ಲಿಗೇ ಕಳಿಸುತ್ತದೆ. ಹತ್ತರಲ್ಲಿ ಒಂದು ಕೆಟ್ಟರೆ ಹತ್ತರಲ್ಲಿ ಒಬ್ಬನಿಗೆ ತೊಂದರೆ ಆಗಬೇಕಿತ್ತು, ಈಗ ಹೆಚ್ಚುಕಡಿಮೆ ಎಲ್ಲರಿಗೂ ತೊಂದರೆ. ಕಣ್ಣುಮುಚ್ಚಿ ಸರದಿ ಪ್ರಕಾರ ಹಂಚಿದ್ದರೆ ಹೀಗಾಗುತ್ತಿರಲಿಲ್ಲ. ಹಾಗಾಗಿ ಬಾಕಿ ಎಣಿಸಿದರೆ ಸಾಲದು, ಬಂದ ಉತ್ತರ ಒಳ್ಳೆಯದೋ ಕೆಟ್ಟದ್ದೋ ಅಂತಲೂ ನೋಡಬೇಕು. ಕೆಟ್ಟ ಉತ್ತರ ಸಾಲಾಗಿ ಬಂದರೆ ಆ ಸರ್ವರನ್ನು ಸ್ವಲ್ಪ ಹೊತ್ತು ಸಾಲಿನಿಂದ ಆಚೆ ನಿಲ್ಲಿಸಬೇಕು.

ಬ್ಯಾಲೆನ್ಸರ್‌ಗಳೇ ಹಲವು ಇದ್ದರೆ ಅರ್ಪಾನೆಟ್‌ನ ಕಾಯಿಲೆ ಮರಳಿ ಬರಬಹುದು. ಎಲ್ಲವೂ ಒಂದೇ ಪಟ್ಟಿ ನೋಡಿ ಒಂದೇ ಖಾಲಿ ಸರ್ವರ್ ಮೇಲೆ ಮುಗಿಬೀಳುತ್ತವೆ. ಇದಕ್ಕೆ 1990ರ ದಶಕದ ಸಂಶೋಧಕರು ಹೇಳಿದ ಮದ್ದು ಎಷ್ಟು ಸರಳ ನೋಡಿ: ಕಣ್ಣುಮುಚ್ಚಿ ಎರಡು ಸರ್ವರ್ ಆರಿಸು, ಆ ಎರಡರಲ್ಲಿ ಭಾರ ಕಡಿಮೆ ಇರುವುದಕ್ಕೆ ಕೊಡು. ಅರ್ಧ ಷೇರಿಂಗ್, ಅರ್ಧ ಬ್ಯಾಲೆನ್ಸಿಂಗ್. ಒಂದನ್ನೇ ಕಣ್ಣುಮುಚ್ಚಿ ಆರಿಸುವುದಕ್ಕೂ ಎರಡು ಆರಿಸಿ ಹೋಲಿಸುವುದಕ್ಕೂ ಆಗುವ ವ್ಯತ್ಯಾಸ ತುಂಬ ದೊಡ್ಡದು. ಎರಡರ ಬದಲು ಮೂರು ಆರಿಸಿದರೆ ಸಿಗುವ ಹೆಚ್ಚಿನ ಲಾಭ ಅದರ ಮುಂದೆ ಸಣ್ಣದು. ಎಂಜಿನ್‌ಎಕ್ಸ್‌ನಲ್ಲೂ ಎಚ್‌ಎಪ್ರಾಕ್ಸಿಯಲ್ಲೂ ಇದು ಇದೆ.

ಆಪರೇಟಿಂಗ್ ಸಿಸ್ಟಮ್ ಕಡೆಯವರು ಇದೇ ಜಗಳವನ್ನು ಇನ್ನೂ ಮೊದಲೇ ಆಡಿದ್ದರು. ಅವರ ಲೆಕ್ಕದಲ್ಲಿ ಗೆರೆ ಸ್ವಲ್ಪ ಬೇರೆ ಕಡೆ ಬೀಳುತ್ತದೆ. ಒಂದು ಯಂತ್ರದಲ್ಲಿ ಕೆಲಸ ಕಾಯುತ್ತಿರುವಾಗ ಇನ್ನೊಂದು ಸುಮ್ನೆ ಕೂತಿರಬಾರದು ಎನ್ನುವಷ್ಟೇ ಗುರಿ ಇದ್ದರೆ ಷೇರಿಂಗ್, ಎಲ್ಲ ಯಂತ್ರದ ಭಾರವೂ ಸಮ ಆಗಬೇಕು ಎನ್ನುವ ಹಟ ಇದ್ದರೆ ಬ್ಯಾಲೆನ್ಸಿಂಗ್. 1986ರಲ್ಲಿ ಈಗರ್, ಲಾಜೋವ್ಸ್ಕಾ, ಜಾಹೋರ್ಯಾನ್ ಎಂಬ ಮೂವರು ಇದನ್ನು ಲೆಕ್ಕ ಹಾಕಿ ನೋಡಿದರು. ತೀರಾ ಕಡಿಮೆ ಮಾಹಿತಿ ಕೇಳುವ ಸರಳ ವಿಧಾನಗಳೇ, ಎಲ್ಲವನ್ನೂ ತಿಳಿದು ತೂಗುವ ಜಟಿಲ ವಿಧಾನಗಳಿಗೆ ಹೆಚ್ಚುಕಡಿಮೆ ಸಮ ಸಮ ನಿಂತವು. ಬ್ಯಾಲೆನ್ಸಿಂಗ್ ಎಂದರೆ ಮೇಲು, ಷೇರಿಂಗ್ ಎಂದರೆ ಬಡಪಾಯಿ ಎಂದು ಮಾತಾಡುವವರನ್ನು ಕಂಡಾಗ ನನಗೆ ಇದೇ ನೆನಪಾಗುತ್ತದೆ.

ದೊಡ್ಡ ಕಂಪನಿಗಳಲ್ಲಿ ಎರಡೂ ಒಂದರ ಮೇಲೊಂದು ಕೂತಿರುತ್ತವೆ. ಎಲ್ಲ ಕೋರಿಕೆಯೂ ಒಂದೇ ಬ್ಯಾಲೆನ್ಸರ್ ಮೂಲಕ ಹೋಗಬೇಕು ಅಂದರೆ ಅದೇ ಇಕ್ಕಟ್ಟಿನ ಜಾಗ ಆಗುತ್ತದಲ್ಲ. ಗೂಗಲ್ 2008ರಿಂದ ಬಳಸುತ್ತಿರುವ, 2016ರಲ್ಲಿ ವಿವರ ಪ್ರಕಟಿಸಿದ ಮ್ಯಾಗ್ಲೆವ್ ವ್ಯವಸ್ಥೆಯಲ್ಲಿ ಮುಂದೆ ರೂಟರ್ ನಿಂತು ಹ್ಯಾಶ್ ಮೇಲೆ ಕಣ್ಣುಮುಚ್ಚಿ ಹಲವು ಬ್ಯಾಲೆನ್ಸರ್‌ಗಳಿಗೆ ಹಂಚುತ್ತದೆ, ಬ್ಯಾಲೆನ್ಸರ್ ಆಮೇಲೆ ಬದುಕಿರುವ ಸರ್ವರ್‌ಗಳಲ್ಲಿ ಒಂದನ್ನು ಆರಿಸುತ್ತದೆ. ಅಲ್ಲಿ ಒಂದು ಜಾಣ ಹ್ಯಾಶ್ ಬೇಕಾಗುತ್ತದೆ. ಸಾಮಾನ್ಯ ವಿಧಾನದಲ್ಲಿ 4 ಸರ್ವರ್‌ನಲ್ಲಿ ಒಂದು ಬಿದ್ದು 3 ಆದರೆ, ಹ್ಯಾಶನ್ನು 4ರ ಬದಲು 3ರಿಂದ ಭಾಗಿಸಬೇಕು. ಶೇಷ ಬದಲಾಗಿ ಮುಕ್ಕಾಲು ಪಾಲು ಫ್ಲೋಗಳು ಬೇರೆ ಸರ್ವರ್‌ಗೆ ಎಗರುತ್ತವೆ, ಏನೂ ತೊಂದರೆ ಇಲ್ಲದೆ ನಡೆಯುತ್ತಿದ್ದವೂ ಕಡಿದುಹೋಗುತ್ತವೆ. ಕನ್ಸಿಸ್ಟೆಂಟ್ ಹ್ಯಾಶಿಂಗ್ ಎನ್ನುವ ವಿಧಾನದಲ್ಲಿ ಬಿದ್ದ ಸರ್ವರ್‌ನ ಫ್ಲೋಗಳಷ್ಟೇ ಜಾಗ ಬದಲಿಸುತ್ತವೆ, ಉಳಿದವು ಬಹುಪಾಲು ಇದ್ದಲ್ಲೇ ಇರುತ್ತವೆ.

ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿ ಕೊಡುವ ಡಿಎನ್‌ಎಸ್ ಮೂಲಕ ಹಂಚುವುದೂ ಒಂದಿದೆ. ಒಂದು ಹೆಸರಿಗೆ ಹಲವು ವಿಳಾಸ ಕೊಟ್ಟು, ಕೇಳಿದವರಿಗೆಲ್ಲ ಕ್ರಮ ಬದಲಿಸಿ ಕೊಡುವುದು. 1995ರ ಆರ್‌ಎಫ್‌ಸಿ 1794ರಲ್ಲೇ ಇದರ ಮಾತಿದೆ, ಅಲ್ಲೂ ಶೀರ್ಷಿಕೆ ಲೋಡ್ ಬ್ಯಾಲೆನ್ಸಿಂಗ್ ಎಂದೇ! ಕೆಲಸ ಮಾತ್ರ ಅಪ್ಪಟ ಷೇರಿಂಗ್. ನಡುವಿನವರು ಹಳೆಯ ಉತ್ತರವನ್ನು ಇಟ್ಟುಕೊಂಡು ಸಾವಿರಾರು ಜನರಿಗೆ ಅದನ್ನೇ ಕೊಡಬಹುದು, ಸತ್ತ ಸರ್ವರ್‌ನ ವಿಳಾಸವೂ ಅದರಲ್ಲಿ ಸೇರಿರಬಹುದು. ಅಗ್ಗ, ಆದರೆ ನೆಚ್ಚಿಕೊಳ್ಳಲಾಗದು.

ಇನ್ನು ಎಲ್ಲರೂ ಮರೆಯುವ ಲೆಕ್ಕ. ಎರಡು ಲೈನಿಗೂ ಹಂಚುತ್ತಿದ್ದೇವೆ, ಎರಡರಲ್ಲೂ ಶೇಕಡಾ 70 ತುಂಬಿದೆ, ದುಡ್ಡು ಪೂರ್ತಿ ವಸೂಲಾಗುತ್ತಿದೆ ಅಂತ ಖುಷಿ. ಒಂದು ಲೈನ್ ಕಡಿದರೆ ಉಳಿದ ಒಂದರ ಮೇಲೆ ಶೇಕಡಾ 140 ಬೀಳುತ್ತದೆ. ಅದೂ ಮುಗ್ಗರಿಸುತ್ತದೆ. ಒಂದು ಕಡಿದರೂ ಅಂಗಡಿ ನಡೆಯಬೇಕು ಎನ್ನುವುದಕ್ಕೆ ಎರಡನೇ ಲೈನ್ ಹಾಕಿಸಿದ್ದರೆ ಎರಡರಲ್ಲೂ ಅರ್ಧಕ್ಕಿಂತ ಜಾಸ್ತಿ ತುಂಬಬಾರದು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಸಮುದ್ರ ಕೇಬಲ್ ಕಡಿದಾಗ ಭಾರತದ ಇಂಟರ್ನೆಟ್ ಕುಂಟಿತು, ಪಶ್ಚಿಮಕ್ಕೆ ಹೋಗುವ ಮಾತುಕತೆಯನ್ನು ಪೂರ್ವದ ಕೇಬಲ್‌ಗಳ ಕಡೆ ತಿರುಗಿಸಬೇಕಾಯಿತು. ದಾರಿ ಇನ್ನೊಂದಿತ್ತು, ಆದರೆ ಎಲ್ಲವನ್ನೂ ಹೊರುವಷ್ಟು ಜಾಗ ಅಲ್ಲಿರಲಿಲ್ಲ. ಆ ಎರಡು ಕೇಬಲ್ ಅಕ್ಕಪಕ್ಕದಲ್ಲೇ ಸಾಗುತ್ತಿದ್ದವು ಎನ್ನುವುದನ್ನೂ ಗಮನಿಸಬೇಕು. ನಮ್ಮ ಬೀದಿಯಲ್ಲೂ ಹಾಗೇ, ಎರಡು ಕಂಪನಿಯ ಫೈಬರ್ ಒಂದೇ ಕಂಬದ ಮೇಲೆ ಇಲ್ಲವೇ ಒಂದೇ ಗಟಾರದ ಪಕ್ಕದಲ್ಲಿ ಬಂದರೆ, ಮಳೆಗಾಲಕ್ಕೆ ಮುಂಚೆ ರಸ್ತೆ ಅಗೆಯುವ ಒಂದೇ ಜೆಸಿಬಿ ಎರಡನ್ನೂ ಮುಗಿಸುತ್ತದೆ.

ಮುಲುಂಡಿನ ಹೋಟೆಲಿಗೆ ಕೊನೆಗೆ ಮಾಡಿದ್ದು ಅಂಥ ಘನಂದಾರಿ ಕೆಲಸವೇನಲ್ಲ. ಸಿಸಿಟಿವಿಯನ್ನು ಎರಡನೇ ಲೈನಿಗೆ ಕಟ್ಟಿಹಾಕಿದ್ದು, ಬಿಲ್ಲಿಂಗ್ ಮತ್ತು ಯುಪಿಐ ಮೊದಲ ಲೈನಿಗೆ, ಗಿರಾಕಿಗಳ ವೈಫೈ ಮಾತ್ರ ಎರಡಕ್ಕೂ ಹಂಚಿಕೆ, ಯಾವುದು ಕಡಿದರೂ ಎಲ್ಲವೂ ಇನ್ನೊಂದಕ್ಕೆ. "ಹಾಗಾದರೆ 200 ಬರುವುದೇ ಇಲ್ವಾ?" ಅಂತ ಇನ್ನೊಮ್ಮೆ ಕೇಳಿದರು. ಒಂದು ಫೈಲಿಗೆ ಬರುವುದಿಲ್ಲ, ಎಲ್ಲರಿಗೂ ಸೇರಿ ಬರುತ್ತದೆ ಎಂದೆ. ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ನಿಮ್ಮ ರೂಟರ್ ಯಾವ ಜಾತಿಯದು ಅಂತ ತಿಳಿಯಲು ಸೆಟ್ಟಿಂಗ್ಸ್ ಪುಟ ತೆರೆದು ನೋಡಿ. ಅದು ನಿಮ್ಮಿಂದ 3:1 ಥರದ ತೂಕ ಮಾತ್ರ ಕೇಳುತ್ತಿದ್ದರೆ ಅದು ಷೇರಿಂಗ್. ಲೈನಿನ ತಡ, ಕಳೆದುಹೋದ ಪ್ಯಾಕೆಟ್, ಈಗಿನ ಬಳಕೆ ಅಳೆದು, ಇಂತಿಷ್ಟು ದಾಟಿದರೆ ಹೊಸ ಫ್ಲೋ ಬೇರೆ ಕಡೆ ಕಳಿಸು ಎನ್ನುವ ಆಯ್ಕೆ ಇದ್ದರೆ ಬ್ಯಾಲೆನ್ಸಿಂಗ್ ಎನ್ನಬಹುದು. ಲೈನ್ ಬದುಕಿದೆಯೇ ಎಂದು ನೋಡುವ ಪಿಂಗ್ ಇವೆರಡೂ ಅಲ್ಲ, ಅದು ಫೇಲ್‌ಓವರ್, ಅಂದರೆ ಒಂದು ಕಡಿದರೆ ಇನ್ನೊಂದಕ್ಕೆ ದಾಟುವ ವ್ಯವಸ್ಥೆ, ಎರಡರ ಜೊತೆಗೂ ಬರುತ್ತದೆ. ಆ ಪಿಂಗ್ ಯಾವ ವಿಳಾಸಕ್ಕೆ ಹೋಗುತ್ತಿದೆ ಅಂತ ಮಾತ್ರ ಒಮ್ಮೆ ನೋಡಿಬಿಡಿ. ಎಷ್ಟೋ ಕಡೆ ಅದು ಗೋಡೆಗೆ ಹೊಡೆದ ಮೋಡೆಮ್‌ಗೇ ಹೋಗುತ್ತಿರುತ್ತದೆ. ಹೊರಗೆ ಫೈಬರ್ ಕಡಿದು ಬಿದ್ದಿದ್ದರೂ ಮೋಡೆಮ್ "ನಾನಿದ್ದೇನೆ" ಅನ್ನುತ್ತದೆ, ರೂಟರ್ ಅದನ್ನು ನಂಬಿ ಅರ್ಧ ಗಿರಾಕಿಗಳನ್ನು ಆ ಸತ್ತ ಲೈನಿಗೇ ಕಳಿಸುತ್ತಿರುತ್ತದೆ. 8.8.8.8 ಮತ್ತು 1.1.1.1 ಥರದ ಹೊರಗಿನ ಎರಡು ವಿಳಾಸ ಹಾಕಿ, ಎರಡೂ ಸಾಲಾಗಿ ಕೆಲವು ಸಲ ಉತ್ತರ ಕೊಡದಿದ್ದರೆ ಮಾತ್ರ ಲೈನ್ ಹೋಯಿತು ಅಂತ ಲೆಕ್ಕ ಇಡಿ.